ದೊಡ್ಡ ಪಿಸ್ಟನ್ನಿನ ಭಾವಮೈದುನ

ನನ್ನ ಭಾವಮೈದುನನ ಪ್ರಕಾರ ಈ ಭೂಮಿಯ ಮೇಲಿರುವ ಪ್ರತಿಯೊಂದು ತೂತೂ ಇರಬೇಕಾದದ್ದಕ್ಕಿಂತ ಚಿಕ್ಕದು. ಮಾಡಿದವರು ಧೈರ್ಯ ಸಾಲದೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ಉಳಿದರ್ಧವನ್ನು ಕೊರೆಯುವ ಹೊಣೆ ತನ್ನ ಮೇಲೆ ಬಿದ್ದಿದೆ ಎಂದು ಅವನು ನಂಬಿದ್ದಾನೆ.

ಒಮ್ಮೆ ನಮ್ಮ ಮಧುಗಿರಿಯ ಮನೆಗೆ ಬಂದವನು, ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕಂಡು ಮರುಗಿದ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದರ ತೂತುಗಳನ್ನೆಲ್ಲ ಮೊಳೆಯಿಂದ ಹಿಗ್ಗಿಸಿಯಾಗಿತ್ತು. ಡಿಕಾಕ್ಷನ್ ಒಂದೇ ಉಸಿರಿಗೆ ಇಳಿಯಿತು. ಜೊತೆಯಲ್ಲಿ ಪುಡಿಯೂ ಇಳಿಯಿತು. ನಾನು ಕಾಫಿಯನ್ನು ಅಗಿಯುತ್ತ ಕುಳಿತಿದ್ದಾಗ ಅವನು ಕೇಳಿದ ಮಾತು, 'ಬೇಗ ಇಳೀತಲ್ವಾ ಭಾವ?' ಇದನ್ನು ನಾನು ಮರೆತಿಲ್ಲ.

ಬಡವನಹಳ್ಳಿಗೆ ಸಮೀಪದ ಹಳ್ಳಿಯಲ್ಲಿರುವ ತನ್ನ ಸ್ವಂತ ಮನೆಗಾದರೂ ಕರುಣೆ ತೋರಿದನೇ? ಗಾಳಿ ಸಾಲದೆಂದು ಕಿಟಕಿಯನ್ನು ಅಗಲ ಮಾಡಿದ. ಇನ್ನೂ ಸಾಲದೆಂದು ಮತ್ತಷ್ಟು ಅಗಲ ಮಾಡಿದ. ಕಡೆಗೊಂದು ದಿನ ಕಿಟಕಿ ಪೂರ್ತಿಯಾಯಿತು, ಗೋಡೆ ಮುಗಿಯಿತು. ಈಗ ಆ ಕೋಣೆಯನ್ನು ಜಗಲಿ ಎಂದು ಕರೆಯುತ್ತಾನೆ.

ಇಂಥವನ ಕಣ್ಣು ನನ್ನ ಮೋಟಾರ್ ಸೈಕಲ್ಲಿನ ಮೇಲೆ ಬಿತ್ತು. ಅದಕ್ಕೆ ಕಾರಣ ಅವನ ಊರಿಗಿಂತ ಮುಂಚೆ ಬರುವ ದಿಬ್ಬ. ಇಬ್ಬರನ್ನು ಹೊತ್ತ ನನ್ನ ಗಾಡಿ ಅದರ ಅರ್ಧಕ್ಕೆ ಕೆಮ್ಮತೊಡಗುತ್ತದೆ. ಆಗ ನನ್ನ ಹೆಂಡತಿ, ಎಂದರೆ ಅವನ ಅಕ್ಕ, ನನ್ನ ಹೆಗಲು ತಟ್ಟಿ ಇಳಿದು, ನೋಯುವ ಮಂಡಿಯನ್ನು ಎಳೆಯುತ್ತ ನಡೆಯುತ್ತಾಳೆ. ನಾನು ಮೊದಲ ಗೇರಿನಲ್ಲಿ ಅವಳ ಪಕ್ಕದಲ್ಲೇ ಸಾಗುತ್ತೇನೆ. ದಿಬ್ಬದ ತುದಿಯಲ್ಲಿ ಅವನು ನಿಂತಿರುತ್ತಾನೆ. ನನ್ನನ್ನು ಅಣಕಿಸಲೆಂದೇ ಅಲ್ಲಿಯವರೆಗೆ ಬರುತ್ತಾನೆಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅಲ್ಲದೆ ಏನು? ಒಂದು ಬೀಗರೂಟದ ಪಂಕ್ತಿಯಲ್ಲಿ, ನನ್ನ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ, 'ನಮ್ ಭಾವನ ಗಾಡಿ ಕಾಯ್ಕಂಡು ಕೂತಿದ್ರೆ ಪಾಯಸ ಅಳಸೋಯ್ತಿತ್ತು' ಎಂದವನು ಅವನೇ. ಇಡೀ ಪಂಕ್ತಿ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ.

ಊಟವಾದ ಮೇಲೆ ಪಕ್ಕಕ್ಕೆ ಬಂದ.

'ಪಿಸ್ಟನ್ ಚಿಕ್ಕದಾಯ್ತು ಭಾವ. ಎಂಜಿನ್ ಬ್ಲಾಕ್ ಕೊರೆಸಿ ದೊಡ್ಡದು ಹಾಕ್ಸಿಬುಡಣ.'

'ಇದು ಬೀಡುಕಬ್ಬಿಣದ ಬ್ಲಾಕಲ್ಲ ಕಣೋ, ಅಲ್ಯೂಮಿನಿಯಂ.'

'ಇನ್ನೂ ಒಳ್ಳೇದಾಯ್ತಲ್ಲ. ಮೆತ್ಗಿರ್ತದೆ, ಬೇಗ ಕೊರೀಬೋದು.'

ನಾನು ತಾಳ್ಮೆಯಿಂದ ವಿವರಿಸಿದೆ. ಪಿಸ್ಟನ್ ಓಡಾಡುವ ಕೊಳವೆಯ ಒಳಮೈಗೆ ತೆಳ್ಳನೆಯ ಗಟ್ಟಿ ಲೇಪವಿದೆ. ಕೊರೆದರೆ ಮೊದಲು ಹೋಗುವುದೇ ಅದು. ಕೆಳಗಿನ ಮೆತ್ತನೆಯ ಲೋಹವನ್ನು ಪಿಸ್ಟನ್ನಿನ ರಿಂಗುಗಳು ಗೀರಿಹಾಕುತ್ತವೆ. ಗೋಡೆ ತೆಳುವಾಗುತ್ತದೆ, ದೊಡ್ಡ ಪಿಸ್ಟನ್ನಿನ ಹೆಚ್ಚಿನ ಕಾವಿಗೆ ಸೊಟ್ಟಗಾಗುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಗ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರರು ನಿಲ್ಲುವುದಿಲ್ಲ. 'ನಿನ್ನ ಕಿಟಕಿಯನ್ನು ನೆನೆಸಿಕೋ' ಎಂದೂ ಸೇರಿಸಿದೆ.

'ಕಿಟಕಿಗೇನಾಗೈತೆ? ಗಾಳಿ ಬತ್ತದಲ್ಲ' ಎಂದ.

ಇದಾದ ಕೆಲವು ದಿನಗಳಿಗೆ ನಾನು ಬಸ್ಸಿನಲ್ಲಿ ಪಾವಗಡದ ಒಂದು ಮದುವೆಗೆ ಹೋಗಿ ಬಂದರೆ, ಅಂಗಳದಲ್ಲಿ ಗಾಡಿಯಿಲ್ಲ. 'ಸರ್ವೀಸ್ ಮಾಡಿಸ್ಕಂಡ್ ಬತ್ತೀನಿ ಅಂತ ಶಿರಾಕ್ಕೆ ತಗಂಡೋದ' ಎಂದಳು ಹೆಂಡತಿ. ನಾನು ಚಪ್ಪಲಿಯನ್ನೂ ಬಿಚ್ಚದೆ ಶಿರಾ ಬಸ್ಸು ಹತ್ತಿದೆ.

ಅಲ್ಲಿ ವಿಚಾರಿಸಿ ಹುಡುಕಿದ ಲೇತಿನ ಅಂಗಡಿಯಲ್ಲಿ ನನ್ನ ಗಾಡಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಬ್ಲಾಕನ್ನು ಯಂತ್ರದ ಮೇಲಿಟ್ಟಿದ್ದರು; ಯಂತ್ರ ತಿರುಗುತ್ತಿತ್ತು, ಕೊರೆತ ಇನ್ನೂ ಶುರುವಾಗಿರಲಿಲ್ಲ. ಭಾವಮೈದುನ ದೊಡ್ಡ ಪಿಸ್ಟನ್ನೊಂದನ್ನು ಎಳೆಗೂಸಿನಂತೆ ಹಿಡಿದುಕೊಂಡಿದ್ದ.

'ಹೇಳಿದ್ರೆ ಕೊರ್ದು ಕೊಡ್ತೀನಿ ಸಾಬ್. ಗ್ಯಾರಂಟಿ ಮಾತ್ರ ಕೇಳ್ಬೇಡಿ' ಎಂದ ಅಂಗಡಿಯವನು.

ನಾನು ಬ್ಲಾಕನ್ನೆತ್ತಿ ಕಂಕುಳಿಗೆ ಸೇರಿಸಿದೆ. ಮದುವೆಗೆಂದು ಧರಿಸಿದ್ದ ಬಿಳಿಯ ಅಂಗಿಯ ಮೇಲೆ ಆಯಿಲ್ ಇಳಿಯಿತು. ಆ ಕಲೆ ಇನ್ನೂ ಹೋಗಿಲ್ಲ.

'ಕೊಡಿ ಭಾವ, ಜನ ನೋಡ್ತಾವ್ರೆ.'

'ನೋಡಲಿ. ಪಿಸ್ಟನ್ ಕಚ್ಚಿಕೊಂಡು ಚಕ್ರ ನಿಂತರೆ ಬೀಳೋದು ನಾನೊಬ್ಬನೇ ಅಲ್ಲ. ಹಿಂದೆ ಕೂತಿರೋಳು ಯಾರು?'

ಬ್ಲಾಕಿಗೆಂದು ಚಾಚಿದ್ದ ಅವನ ಕೈ ಕೆಳಗಿಳಿಯಿತು. ಪಿಸ್ಟನ್ನನ್ನು ಪಕ್ಕಕ್ಕಿಟ್ಟ.

'ಚಿಕ್ಕೋನಿದ್ದಾಗ ಜ್ವರ ಬಂದ್ರೆ ಅಕ್ಕಯ್ಯ ನನ್ನ ಸೊಂಟದ ಮ್ಯಾಲೆ ಕೂರಿಸ್ಕಂಡು ಅದೇ ದಿಬ್ಬ ದಾಟಿ ಬಡವನಹಳ್ಳಿ ಆಸ್ಪತ್ರೆಗೆ ಎತ್ಕಂಡೋಯ್ತಿದ್ಲು ಭಾವ. ಒಂದ್ಸಲನೂ ಕೆಳಗಿಳ್ಸಲಿಲ್ಲ. ಈಗ ಅವಳು ಇಳ್ದು ನಡೀತಾಳೆ. ನಾನು ಮ್ಯಾಲೆ ನಿಂತ್ಕಂಡು ನೋಡ್ಬೇಕು.'

ಅಂಗಡಿಯವನು ಯಂತ್ರವನ್ನು ಆರಿಸಿದ.

ನಾನು ಬ್ಲಾಕನ್ನು ಕೆಳಗಿಡದೆಯೇ ಹೇಳಿದೆ. 'ಏನಾದ್ರೂ ದೊಡ್ಡದು ಮಾಡ್ಲೇಬೇಕು ಅಂದ್ರೆ, ಹಿಂದಿನ ಚಕ್ರದ ಚೈನು ಸುತ್ತೋ ಹಲ್ಲುಗಾಲಿ ದೊಡ್ಡದು ಹಾಕ್ಸು. ಓಟ ಕಮ್ಮಿಯಾಗುತ್ತೆ, ದಿಬ್ಬ ಹತ್ತುತ್ತೆ. ಬ್ಲಾಕ್ ಮುಟ್ಟಬೇಡ.'

'ಎಷ್ಟು ದೊಡ್ಡದು ಸಿಗ್ತದೆ ಭಾವ?' ಎಂದ; ಮುಖ ಅರಳಿತ್ತು.

ಮುಂದಿನ ಭಾನುವಾರ ದೊಡ್ಡ ಹಲ್ಲುಗಾಲಿ ಹಾಕಿಸಿದ ಗಾಡಿಯಲ್ಲಿ ಅವನ ಊರಿಗೆ ಹೊರಟೆವು. ದಿಬ್ಬದ ಅರ್ಧಕ್ಕೆ ಹೆಂಡತಿ ರೂಢಿಯಂತೆ ಹೆಗಲು ತಟ್ಟಿದಳು. ನಾನು ನಿಲ್ಲಿಸಲಿಲ್ಲ. ಗಾಡಿ ಗೊಣಗುತ್ತ, ನಿಧಾನವಾಗಿ, ಹಟ ಹಿಡಿದು ಹತ್ತಿತು. ತಟ್ಟಿದ ಕೈ ಹೆಗಲ ಮೇಲೆಯೇ ಉಳಿಯಿತು.

ತುದಿಯಲ್ಲಿ ಅವನು ನಿಂತಿದ್ದ. ಪಾಯಸದ ಮಾತಿಗೆ ತಕ್ಕ ಉತ್ತರವೊಂದನ್ನು ಸಿದ್ಧಪಡಿಸಿಕೊಂಡೇ ನಾನು ಬಂದಿದ್ದೆ. ಆದರೆ ಅವನು ನನ್ನತ್ತ ನೋಡಲೇ ಇಲ್ಲ, ಎಂಜಿನ್ನಿನತ್ತಲೂ ನೋಡಲಿಲ್ಲ. ಬಗ್ಗಿ ನಿಂತು, ಧೂಳು ತಾಗದ ಅಕ್ಕನ ಚಪ್ಪಲಿಗಳನ್ನೇ ನೋಡುತ್ತಿದ್ದ.