ಆಟ ಬಿಟ್ಟ ಮೇಲೆ ಮಂದಿ ಅಂದದ್ದು

ಸಿನಿಮಾ ನೋಡಿ ಹೊರಗೆ ಬಂದವರು ಬಾಗಿಲಲ್ಲಿ ನಿಂತವನಿಗೆ ಏನಾದರೊಂದು ಮಾತು ಅನ್ನದೆ ಮುಂದೆ ಹೋಗುವುದೇ ಇಲ್ಲ. ಹುಬ್ಬಳ್ಳಿಯ ಒಂದು ಟಾಕೀಜಿನಲ್ಲಿ ಬಾಗಿಲು ಕಾಯುತ್ತ ನಾನು ಕಲಿತದ್ದು ಇಷ್ಟೇ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಆ ಕೆಲಸಕ್ಕೆ ಸೇರಿದೆ. ನಮ್ಮ ಮಾಲಕರು ಒಂದು ಚಿತ್ರವನ್ನೂ ಪೂರ್ತಿ ನೋಡಿದವರಲ್ಲ. ದೀಪ ಆರಿದ ಕೂಡಲೇ ಅವರಿಗೆ ನಿದ್ದೆ. ಹೀಗಾಗಿ ಹೊಸ ಚಿತ್ರ ಬಂದ ದಿನ ಮೂರರ ಆಟ ಬಿಟ್ಟೊಡನೆ ನನ್ನನ್ನು ಕರೆಯುವರು. "ಮಂದಿ ಏನಂದ್ರೋ?" ನಾನು ಹೇಳಿದ್ದರ ಮೇಲೆ ಚಿತ್ರ ಎರಡನೇ ವಾರ ಉಳಿಯಬೇಕೋ, ಪೆಟ್ಟಿಗೆ ಕಟ್ಟಬೇಕೋ ಎಂಬ ತೀರ್ಮಾನ. ಇಂಥ ಜವಾಬ್ದಾರಿ ಮೈಮೇಲಿದ್ದಾಗ ಕಿವಿ ತೆರೆದೇ ಇಡಬೇಕಾಗುತ್ತದೆ.

ದೇವರ ಚಿತ್ರ

ಬೆಂಗೇರಿಯಿಂದ ಒಬ್ಬ ಅಜ್ಜಿ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, "ಸ್ವಲ್ಪ ಲಕ್ಷ್ಯ ಇರಲಿ ತಮ್ಮಾ" ಎಂದು ಕೈಮುಗಿದು ಒಳಗೆ ಹೋದಳು. ಅವಳನ್ನು ನೋಡಿ ಹಿಂದಿನವಳೂ ಬಿಟ್ಟಳು, ಅವಳ ಹಿಂದಿನವಳೂ ಬಿಟ್ಟಳು. ಆ ಮಧ್ಯಾಹ್ನವೆಲ್ಲ ನಾನು ಚಪ್ಪಲಿ ರಾಶಿ ಕಾದೆ.

ಆಟ ಬಿಟ್ಟಾಗ ಅಜ್ಜಿಯನ್ನು ಕೇಳಿದೆ. "ಹೆಂಗಿತ್ತಬೇ ಯವ್ವಾ?"

"ದೇವರು ಭಾಳ ಲಕ್ಷಣ ಇದ್ದಾನಪಾ. ಆದ್ರ ಮಂಗಳಾರತಿ ಆತು, ಪ್ರಸಾದ ಕೊಡಲಿಲ್ಲಲ್ಲೋ ನಿಮ್ಮವ್ರು?"

ಮಾಲಕರಿಗೆ ಹಾಗೇ ಹೇಳಿದೆ. ಮರುದಿನದಿಂದ ನನ್ನ ಕೈಗೆ ಒಂದು ತಾಟು ಬಂತು, ಅದರ ತುಂಬ ಸಕ್ಕರೆ, ಪುಠಾಣಿ ಕಡಲೆ. ಹೊರಗೆ ಬಂದವರ ಅಂಗೈಗೆ ಒಂದೊಂದು ಚಿಟಿಕೆ ಹಾಕುವುದು. ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಮೂರು ಸಲ ಕೈಯೊಡ್ಡಿದ. ನನಗೆ ಸಿಟ್ಟು ಬಂತು.

"ಏನ್ರೀ, ಒಂದ ಪಿಕ್ಚರಿನಿಂದ ಎಷ್ಟು ಸಲ ಹೊರಗ ಬರ್ತೀರಿ?"

"ನಾ ಒಳಗ ಹೋಗೇ ಇಲ್ಲಪಾ" ಎಂದ ಆತ, ಶಾಂತವಾಗಿ. "ಪ್ರಸಾದಕ್ಕೂ ತಿಕೀಟು ಐತೇನು?"

ಅಳುವ ಚಿತ್ರ

ಅರಳೆ ಪೇಟೆಯ ಒಬ್ಬ ವ್ಯಾಪಾರಸ್ಥರಿದ್ದರು. ದಪ್ಪ ಮೀಸೆ, ನಕ್ಕಿದ್ದನ್ನು ಯಾರೂ ಕಂಡವರಿಲ್ಲ. ತಾಯಿ ಮಗಳು ಅಗಲುವ ಒಂದು ಚಿತ್ರಕ್ಕೆ ಅವರು ಒಂದೇ ವಾರದಲ್ಲಿ ಮೂರು ಸಲ ಬಂದರು. ಮೂರನೇ ಸಲ ಹೊರಗೆ ಬಂದಾಗ ಕಣ್ಣು ಕೆಂಪಗೆ, ರುಮಾಲಿನ ತುದಿ ಒದ್ದೆ.

"ಹೆಂಗೈತ್ರಿ ಪಿಕ್ಚರು, ಸಾವಕಾರ್ರ?"

"ಬರೇ ಸುಳ್ಳು."

"ಹಂಗಾರ ಮೂರು ಸಲ ಯಾಕ ಬಂದ್ರಿ?"

ಅವರು ಅತ್ತಿತ್ತ ನೋಡಿ ನನ್ನ ಹತ್ತಿರ ಬಂದರು. "ಹ್ವಾದ ತಿಂಗಳಾ ಮಗಳ ಲಗ್ನಾ ಮಾಡಿ ಕಳಿಸೇನಿ. ಮನ್ಯಾಗ ಹದಿನಾಲ್ಕು ಮಂದಿ. ಅಳಬೇಕಂದ್ರ ಒಂದು ಮೂಲಿ ಇಲ್ಲ. ಇಲ್ಲೆ ಕತ್ತಲ ಐತಿ, ಬಾಜೂದಾಂವನೂ ಅಳಾಕತ್ತಿರ್ತಾನ. ಯಾರೂ ಏನೂ ಕೇಳೂದಿಲ್ಲ."

ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು. "ಮುಂದಿನ ವಾರ ಯಾವುದು?"

"ನಗೂ ಚಿತ್ರ ಐತ್ರಿ."

"ಛಲೋ ಆತು, ನಮ್ಮ ಮನಿಯಾಕಿನ್ನ ಕಳಸ್ತೇನಿ. ಅಳಿಯನ್ನ ನೋಡಿದಾಗಿಂದ ಆಕಿ ನಕ್ಕೇ ಇಲ್ಲ."

ಕೊಲೆಯ ಚಿತ್ರ

ಧಾರವಾಡದ ಕಡೆಯ ಸಾಲಿ ಮಾಸ್ತರೊಬ್ಬರು ರವಿವಾರ ಪತ್ತೇದಾರಿ ಚಿತ್ರಕ್ಕೆ ಬಂದರು. ಕೊಲೆಗಾರ ಯಾರೆಂದು ಗೊತ್ತಾಗಲು ಹದಿನೈದು ನಿಮಿಷ ಇದ್ದಾಗ ಗಡಿಯಾರ ನೋಡಿದರು, ಹೌಹಾರಿ ಎದ್ದರು, ರೈಲು ಹಿಡಿಯಲು ಓಡಿದರು. ಮುಂದಿನ ರವಿವಾರ ಮತ್ತೆ ನನ್ನ ಮುಂದೆ ನಿಂತರು. ಮುಖ ಸೊರಗಿತ್ತು.

"ಕಡೀ ಹದಿನೈದು ನಿಮಿಷ ಅಷ್ಟ ಒಳಗ ಬಿಡ್ರಿ. ವಾರ ಆತು, ಊಟ ರುಚಿಸವಲ್ದು. ಹುಡುಗರಿಗೆ ನದಿಗಳ ಹೆಸರು ಹೇಳ್ಲಿಕ್ಕೆ ಹೋಗಿ ಕೊಲೆ ಸಂಶಯಾ ಇದ್ದವ್ರ ಹೆಸರು ಹೇಳೇನಿ."

"ನಿಮಗ ಯಾರ ಮ್ಯಾಲ ಸಂಶಯಾ?"

"ಅಡಗಿಯವನ ಮ್ಯಾಲ. ಖಾತ್ರಿ ಅದ."

ಬಿಟ್ಟೆ. ಹದಿನೈದು ನಿಮಿಷದ ಮೇಲೆ ಮಾಸ್ತರು ಹೊರಗೆ ಬಂದಾಗ ಬೇರೆಯೇ ಮನುಷ್ಯ. ಕೊಲೆ ಮಾಡಿದವನು ಚಿತ್ರದ ಊರಿನ ಕನ್ನಡ ಸಾಲಿ ಮಾಸ್ತರನೇ ಆಗಿದ್ದ. ನಮ್ಮ ಮಾಸ್ತರಿಗೆ ಅವಮಾನವಾಗಿರಬೇಕು ಎಂದು ನಾನೇ ಸಮಾಧಾನ ಹೇಳಹೋದೆ.

"ಕಥಿ ಅಲ್ರೀ ಅದು, ಮನಸಿಗೆ ಹಚ್ಚಿಕೋಬ್ಯಾಡ್ರಿ."

"ಅವಮಾನದ ಮಾತಲ್ಲ" ಎಂದರು. "ಕಥಿ ಬರದವಂಗ ತಿಳುವಳಿಕಿ ಇಲ್ಲ. ಒಂದನೇತ್ತಾದಿಂದ ನಾಲ್ಕನೇತ್ತಾ ತನಕಾ ಎಲ್ಲಾ ಕ್ಲಾಸಿಗೂ ಆಂವ ಒಬ್ಬನ ಕಲಸ್ತಾನ. ಕೊಲೆ ಮಾಡ್ಲಿಕ್ಕೆ ಅವಂಗ ಪುರುಸೊತ್ತು ಎಲ್ಲದ?"

ಪ್ರೇಮದ ಚಿತ್ರ

ಈ ಚಿತ್ರದಲ್ಲಿ ಹುಡುಗ ಹುಡುಗಿ ನೂರು ಕಷ್ಟ ದಾಟಿ ಮದುವೆಯಾಗುತ್ತಾರೆ. ಮದುವೆಯಾದ ಮೇಲೆ ಹುಡುಗ ಹೊಳೆಯಲ್ಲಿ ಮುಳುಗಿ ಸಾಯುತ್ತಾನೆ. ಚಿತೆ, ಹೊಗೆ, ಮುಕ್ತಾಯ. ಕಥೆ ಇದ್ದದ್ದು ಹಾಗೆ.

ಶುಕ್ರವಾರದ ಮೂರರ ಆಟಕ್ಕೆ ನಮ್ಮ ಆಪರೇಟರ್ ಕಡೆಯ ಎರಡು ರೀಲು ಅದಲುಬದಲು ಹಾಕಿಬಿಟ್ಟ. ಹುಡುಗ ಮೊದಲೇ ಮುಳುಗಿದ, ಸುಟ್ಟರು, 'ಮುಕ್ತಾಯ' ಬಂತು. ನಾನು ಬಾಗಿಲು ತೆರೆದೆ. ಜನ ಮೂಗು ಒರೆಸಿಕೊಳ್ಳುತ್ತ ಅರ್ಧ ಹೊರಗೆ ಬಂದಿದ್ದರು. ಅಷ್ಟರಲ್ಲಿ ಒಳಗೆ ವಾಲಗ ಕೇಳಿತು. ತಿರುಗಿ ನೋಡಿದರೆ ಸುಟ್ಟ ಹುಡುಗ ಬಾಸಿಂಗ ಕಟ್ಟಿಕೊಂಡು ತಾಳಿ ಕಟ್ಟುತ್ತಿದ್ದಾನೆ! ಮಂದಿ ಓಡಿ ಹೋಗಿ ಮತ್ತೆ ಕೂತರು. ಸಿಳ್ಳೆಯೋ ಸಿಳ್ಳೆ.

ಮುಗದ ಹಳ್ಳಿಯಿಂದ ಬಂದಿದ್ದ ಒಬ್ಬ ರೈತ ಹೆಣ್ಣುಮಗಳು ಹೊರಗೆ ಬಂದು ನನ್ನ ಕೈ ಹಿಡಿದಳು. "ಆ ಹುಡುಗ ಸತ್ತಾಗ ನನ್ನ ಜೀವಾ ಹೋದಂಗ ಆಗಿತ್ತು ಅಣ್ಣಾ. ದೇವರು ದೊಡ್ಡಾಂವ, ತಿರುಗಿ ಕೊಟ್ಟಾ."

ಆಪರೇಟರ್ ಬೆವರಿ ನೀರಾಗಿದ್ದ. "ಮಾಲಕರಿಗೆ ಹೇಳಬ್ಯಾಡೋ, ನೌಕರಿ ಹೋಗ್ತೈತಿ" ಎಂದ. ಮನೆಯಲ್ಲಿ ಅವನ ಹೆಂಡತಿ ಬಾಣಂತಿ. ನಾನು ಹೇಳಲಿಲ್ಲ. ಮರುದಿನದಿಂದ ರೀಲು ಸರಿಯಾದವು.

ರವಿವಾರ ಮುಗದದಾಕೆ ತನ್ನ ಓಣಿಯ ಐದು ಹೆಂಗಸರನ್ನು ಕರೆದುಕೊಂಡು ಬಂದಳು. ಹುಡುಗ ಸತ್ತ, ಸತ್ತವನು ಸತ್ತೇ ಹೋದ. ಆಕೆ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮೊನ್ನೆ ಎಬ್ಬಿಸಿದ್ರಿ, ಇವತ್ತ ಯಾಕ ಎಬ್ಬಿಸಲಿಲ್ಲ? ಇಷ್ಟು ಮಂದಿಗೆ ಮಾತು ಕೊಟ್ಟ ಕರಕೊಂಡ ಬಂದೇನಿ. ಆ ಹುಡುಗಿ ಬಾಳೇವು ಅಂದ್ರ ನಿಮಗ ಚ್ಯಾಷ್ಟಿ ಆಗೇತೇನು?"

ಗದ್ದಲಕ್ಕೆ ಮಾಲಕರೇ ಬಂದರು. ಇನ್ನು ಮುಚ್ಚಿಡುವಂತಿರಲಿಲ್ಲ, ನಡೆದದ್ದು ಹೇಳಿದೆ. ಆಪರೇಟರ್ ಗೋಡೆಗೆ ಅಂಟಿ ನಿಂತಿದ್ದ. ಮಾಲಕರು ಅವನನ್ನು ನೋಡಿದರು, ಆ ಆರು ಹೆಂಗಸರನ್ನು ನೋಡಿದರು.

"ಮಂದಿಗೆ ಆ ಹುಡುಗ ಬದುಕಬೇಕೇನು?"

"ಹೌದ್ರಿ."

"ಹಂಗಾರ ಬದುಕಿಸ್ರಿ."

ಅಂದಿನಿಂದ ಹುಡುಗ ದಿನಾಲೂ ಸತ್ತು ಮದುವೆಯಾದ. ಚಿತ್ರ ಆರು ವಾರ ಟಾಕೀಜು ತುಂಬಿ ಓಡಿತು. ಬೇರೆ ಊರುಗಳಲ್ಲಿ ಅದೇ ಚಿತ್ರ ಒಂದೇ ವಾರಕ್ಕೆ ಪೆಟ್ಟಿಗೆ ಸೇರಿತ್ತು. ಹುಬ್ಬಳ್ಳಿಯಲ್ಲಿ ಏನು ಪವಾಡವೆಂದು ನೋಡಲು ಚಿತ್ರ ಹಂಚುವ ಕಂಪನಿಯವರೇ ಒಬ್ಬರು ಬಂದು ಮೂರರ ಆಟಕ್ಕೆ ಕೂತರು. ಇವತ್ತು ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಆಪರೇಟರ್ ಮೇಲಿನ ಕೋಣೆಯಲ್ಲಿ ದೇವರ ನೆನೆಯುತ್ತ ರೀಲು ತಿರುಗಿಸಿದ.

ಆಟ ಬಿಟ್ಟಿತು. ಅವರು ಎಲ್ಲರಿಗಿಂತ ಕಡೆಗೆ, ನಿಧಾನವಾಗಿ ಹೊರಗೆ ಬಂದರು. ನಾನು ಅಂಜುತ್ತಲೇ ಕೇಳಿದೆ.

"ಹೆಂಗಿತ್ತ್ರಿ, ಸಾಹೇಬ್ರ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಪಿಕ್ಚರು ನಾ ಇಪ್ಪತ್ತು ಸಲ ನೋಡೇನಿ" ಎಂದರು. "ಕಥಿ ತಿಳಿದದ್ದು ಇವತ್ತ ಮೊದಲನೇ ಸಲ."