ಕಂಪ್ಯೂಟರಿಲ್ಲದ ಮನೆಯ ಎರಡು ಸಿಸ್ಟಮ್

ಮಂಡ್ಯಕ್ಕೆ ಕಂಪ್ಯೂಟರ್ ತಂದವರು ಯಾರು ಅಂತ ಯಾರಾದರೂ ಕೇಳಿದರೆ ನಾನು ಎದೆ ತಟ್ಟಿಕೊಂಡು ಹೇಳ್ತೀನಿ: ನಮ್ಮ ಚಿಕ್ಕಪ್ಪ! ಅದೂ ಎಪ್ಪತ್ತರ ದಶಕದಲ್ಲಿ, ಮನೆಗೆ ಟೆಲಿಫೋನು ಬಂದರೆ ಇಡೀ ಬೀದಿಯವರು ಕೈಕಾಲು ತೊಳಕೊಂಡು ನೋಡಕ್ಕೆ ಹೋಗ್ತಿದ್ದ ಕಾಲದಲ್ಲಿ. ಏನೋ, ಕಂಪ್ಯೂಟರೊಂದು ಬರಲಿಲ್ಲ. ಮಿಕ್ಕಿದ್ದೆಲ್ಲ ಬಂತು!

ಚಿಕ್ಕಪ್ಪನನ್ನ ನಾನು ಏಕವಚನದಲ್ಲೇ ಕರೆಯೋದು, ಯಾರೂ ತಪ್ಪು ತಿಳೀಬೇಡಿ. ಬಹುವಚನ ಹಚ್ಚಿದರೆ ಅವನು ಹಿಂದೆ ತಿರುಗಿ ಯಾರು ಬಂದರು ಅಂತ ನೋಡ್ತಿದ್ದ. ಮಳವಳ್ಳಿಯಿಂದ ಕಾಲೇಜು ಓದಕ್ಕೆ ಅಂತ ಮಂಡ್ಯಕ್ಕೆ ಬಂದ ನಾನು ಅವನ ಮನೆಯಲ್ಲೇ ಇದ್ದೆ. ಬಿಎಸ್ಸಿ ಪುಸ್ತಕದಲ್ಲಿ ಓದಿದ್ದು ಏನೂ ಜ್ಞಾಪಕ ಇಲ್ಲ. ಆ ಮನೆಯಲ್ಲಿ ಕಲಿತದ್ದು ಒಂದೂ ಮರೆತಿಲ್ಲ.

ಆದದ್ದಿಷ್ಟು. ಅವನ ಆಫೀಸಿಗೆ ಕಂಪ್ಯೂಟರ್ ಕೊಳ್ಳಬೇಕು ಅಂತ ಮೇಲಿನವರಿಗೆ ಮನಸ್ಸು ಬಂತು. ಚಿಕ್ಕಪ್ಪನನ್ನ ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಎರಡು ಕಂಪನಿಯ ಎರಡು ಮಿಷನ್ನು, ಒಂದೊಂದನ್ನ ಓಡಿಸೋದಕ್ಕೆ ಒಂದೊಂದು ಸಿಸ್ಟಮ್. ಯಾವುದು ವಾಸಿ ಅಂತ ತೂಗಿ ನೋಡಿ ಚಿಕ್ಕಪ್ಪ ಹೇಳಬೇಕು. ಹೇಳಿದ್ದು ಅಧಿಕಾರಿಗಳಿಗೆ ಒಪ್ಪಿಗೆಯಾದರೆ ಮಿಷನ್ನಿಗೂ ಅದರ ತಂಪು ರೂಮಿಗೂ ಅವನೇ ಯಜಮಾನ!

ಬಂದವನೇ ಜಗುಲಿ ಮೇಲೆ ಸಭೆ ಸೇರಿಸಿದ. "ಒಂದನೇದು ಪಂಕ್ತಿ ಸಿಸ್ಟಮ್. ಮದುವೆ ಮನೆ ಊಟ ಇದ್ದಂಗೆ. ಒಂದು ಪಂಕ್ತಿ ಕೂತ್ರೆ ಪಾಯಸ, ಮಜ್ಜಿಗೆ ಎಲ್ಲಾ ಮುಗಿದು ಎಲೆ ಎತ್ತೋವರೆಗೂ ಇನ್ನೊಂದು ಪಂಕ್ತಿ ಕೂರೋ ಹಂಗಿಲ್ಲ. ಕೆಲಸ ಏನಿದ್ರೂ ತೂತು ಕೊರೆದ ಕಾರ್ಡಲ್ಲಿ ಕೊಟ್ಟು ಕ್ಯೂ ನಿಲ್ಲಬೇಕು. ಎರಡನೇದು ಹೋಟ್ಲು ಸಿಸ್ಟಮ್. ಮದ್ದೂರಿನ ಹೋಟ್ಲು ಮಾಣಿ ನೋಡಿಲ್ವಾ? ಈ ಟೇಬಲ್ಲಿಗೆ ನೀರು, ಆ ಟೇಬಲ್ಲಿಗೆ ವಡೆ, ಇನ್ನೊಂದಕ್ಕೆ ಚಟ್ನಿ. ಎಲ್ಲರಿಗೂ ಚೂರು ಚೂರು ಹೊತ್ತು. ಆದರೆ ಎಷ್ಟು ಚುರುಕು ಅಂದ್ರೆ, ಪ್ರತಿಯೊಬ್ಬನಿಗೂ ಮಾಣಿ ತನ್ನೊಬ್ಬನಿಗೇ ಅಂತ ಅನಿಸಬೇಕು!"

ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಬೀಡಿ ಆರಿಸಿ ಕೇಳಿದ: "ಕರೆಂಟು ಓದ್ರೆ ಏನ್ ಮಾಡ್ತದ್ಲಾ ನಿನ್ ಮಿಷನ್ನು?"

"ನಿಂತೋಗತ್ತೆ."

"ಅಂಗಾರೆ ನಮ್ಮೂರಲ್ಲಿ ಎರಡೂ ಒಂದೇ ಬುಡು!"

ಸಭೆ ಮುಗೀತು. ಆದರೆ ಚಿಕ್ಕಪ್ಪ ಬಾಯಿಮಾತಿಗೆ ನಿಲ್ಲೋ ಆಸಾಮಿಯೇ? ಎರಡನ್ನೂ ಪರೀಕ್ಷೆ ಮಾಡಬೇಕು, ಮಿಷನ್ನು ಬರೋಕೆ ಇನ್ನೂ ಕಾಲ ಇದೆ, ಮನೆ ಮಾತ್ರ ಕೈಯಳತೆಯಲ್ಲೇ ಇದೆ! ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಪಂಕ್ತಿ ಸಿಸ್ಟಮ್ ಜಾರಿಗೆ ಬಂತು. ಹಳೇ ಲಗ್ನಪತ್ರಿಕೆಗಳನ್ನ ಕತ್ತರಿಸಿ, ಛತ್ರಿ ಕಡ್ಡಿಯಲ್ಲಿ ತೂತು ಹೊಡೆದು ಕಾರ್ಡು ಮಾಡಿದ. ಅವನಿಂದ ಏನು ಕೆಲಸ ಆಗಬೇಕಿದ್ದರೂ ಕಾರ್ಡಿನ ಮೇಲೆ ಬರೆದು ನಡುಮನೆ ಕಿಟಕಿಯಲ್ಲಿ ಇಡಬೇಕು, ಸರದಿ ಬಂದಾಗ ಆಗತ್ತೆ.

ಮೊದಲ ದಿನವೇ ಚಿಕ್ಕಮ್ಮ ಒಂದು ಕಾರ್ಡು ಇಟ್ಟಳು: ಬೆಳ್ಳೂರು. ಕೊಕ್ಕರೆ ಬೆಳ್ಳೂರು ಅವಳ ತವರು. ಅಲ್ಲಿ ಅವಳವ್ವ ಇದ್ದಳು. "ಅವ್ವಂಗೆ ಕಣ್ಣು ಮಂಜಾಯ್ತಾ ಐತೆ ಕಣ್ರೀ. ಮಗಳ ಮೊಕ ಇನ್ನೂ ಕಾಣೋವಾಗ್ಲೇ ಒಂದ್ಸಲ ಓಗ್ಬರಾನ" ಅಂತ ಅವಳ ಆಸೆ. ಒಬ್ಬಳೇ ಹೋಗಬಾರದಾಗಿತ್ತಾ ಅಂತೀರಾ? ನಾನೂ ಕೇಳಿದ್ದೆ. "ಒಬ್ಳೇ ಓದ್ರೆ ಗಂಡನ್ ಜೊತೆ ಜಗಳ ಆಡ್ಕಂಡ್ ಬಂದವ್ಳೆ ಅಂತ ಊರೆಲ್ಲ ಗುಲ್ಲಾಯ್ತದೆ ಕಣವ್ವ. ಅವ್ವ ಅದೇ ಕೊರಗಲ್ಲಿ ಮಲಗ್ಬುಡ್ತಾಳೆ" ಅಂದಿದ್ದಳು. ಹಾಗಾಗಿ ಗಂಡ ಬರಲೇಬೇಕು, ಗಂಡನಿಗೋ ಸಿಸ್ಟಮ್!

ಪಂಕ್ತಿ ಸಿಸ್ಟಮ್ಮಿನ ಗುಣ ಒಪ್ಪಿಕೋಬೇಕು. ಹಿಡಿದ ಕೆಲಸ ಅಂದರೆ ಕೆಲಸ. ಅವನು ಹೊಡೆದ ಮೊಳೆ ಇವತ್ತಿಗೂ ಅಲ್ಲಾಡಿಲ್ಲ, ಗೋಡೆ ಬಿದ್ದರೂ ಅದು ನಿಂತಿರುತ್ತೇನೋ! ದೋಷ? ಒಂದು ದಿನ ಅವನು ಪೊರಕೆ ಕಟ್ಟುತ್ತಾ ಕೂತಿದ್ದ. ಕಣ್ಣೆದುರಿಗೇ ಒಲೆ ಮೇಲೆ ಹಾಲು ಉಕ್ಕಿ, ಹರಿದು, ಕಾಲ ಬುಡಕ್ಕೇ ಬಂತು. ಕಾಲು ಸ್ವಲ್ಪ ಆಚೆಗಿಟ್ಟುಕೊಂಡ ಅಷ್ಟೆ.

"ಅಯ್ಯೋ ನಿಮ್ಮ! ಆಲು ಇಳಿಸಬಾರದಾ?" ಅಂತ ಹಿತ್ತಲಿಂದ ಓಡಿ ಬಂದ ಚಿಕ್ಕಮ್ಮ ಕೂಗಿದಳು.

"ಹಾಲು ಕ್ಯೂನಲ್ಲಿರಲಿಲ್ಲ" ಅಂದ!

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಬೆಳ್ಳೂರಿಗಿಂತ ಮುಂಚೆ ಇಟ್ಟಿದ್ದ ಒಂದು ಕಾರ್ಡಿನ ಸರದಿ ಬಂತು ನೋಡಿ: ಬಚ್ಚಲು ಒಲೆ ರಿಪೇರಿ. ಅದಕ್ಕೆ ಗಾರೆಯವನು ಬರಬೇಕು. ಗಾರೆಯವನೋ, ನಾಳೆ ಬತ್ತೀನಿ ಸಾಮಿ ಅಂತ ಹೇಳೋದೇ ಒಂದು ಕಸುಬು ಮಾಡಿಕೊಂಡಿದ್ದ. ಅವನು ಬರೋವರೆಗೂ ಒಲೆ ಮುಗಿಯಲ್ಲ, ಒಲೆ ಮುಗಿಯೋವರೆಗೂ ಹಿಂದಿನ ಕಾರ್ಡು ಯಾವುದೂ ಕದಲಲ್ಲ. ನಾವು ತಣ್ಣೀರು ಹುಯ್ಕೊಂಡ್ವಿ. ಬೆಳ್ಳೂರು ಅನ್ನೋ ಕಾರ್ಡು ಒಲೆ ಹಿಂದೆ ಕೂತೇ ಇತ್ತು. ಅತ್ತ ಬೆಳ್ಳೂರಲ್ಲಿ ಕೊಕ್ಕರೆಗಳು ಬಂದು, ಗೂಡು ಕಟ್ಟಿ, ಮರಿ ಮಾಡಿ, ಮರಿಗಳ ಸಮೇತ ವಾಪಸ್ಸೂ ಹೋದವು!

ಆವತ್ತು ಚಿಕ್ಕಮ್ಮನ ಬಾಯಿ ಕಟ್ಟೆಯೂ ಒಡೀತು, ಕಣ್ಣೀರ ಕಟ್ಟೆಯೂ ಒಡೀತು. "ಕೊಕ್ಕರೆಗೂವೆ ತವರು ಐತೆ! ವರ್ಸಾ ವರ್ಸಾ ಬಾಣಂತನಕ್ಕೆ ಬತ್ತವೆ. ಮನೆ ಎಣ್ಮಕ್ಳು ಬಂದ್ವು ಅಂತ ನಮ್ಮೂರೋರು ಒಂದು ಕಲ್ಲೆತ್ತಿ ಒಡಿಯಾಕಿಲ್ಲ. ಎತ್ತ ಮಗಳು ನಾನು ಮಾತ್ರ ಬಚ್ಚಲೊಲೆ ಇಂದೆ ನಿಂತಿವ್ನಿ!"

ಚಿಕ್ಕಪ್ಪ ಬಹಳ ಹೊತ್ತು ಗಲ್ಲ ಕೆರಕೊಂಡ. "ಇದು ಪಂಕ್ತಿ ಸಿಸ್ಟಮ್ಮಿನ ದೊಡ್ಡ ದೋಷ" ಅಂತ ತೀರ್ಮಾನ ಕೊಟ್ಟ. ಹೆಂಡತಿಯ ಕಣ್ಣೀರಲ್ಲೂ ಅವನಿಗೆ ಕಂಡದ್ದು ಸಿಸ್ಟಮ್ಮೇ! ಸದ್ಯ, ಮಾರನೇ ದಿನದಿಂದ ಹೋಟ್ಲು ಸಿಸ್ಟಮ್ ಶುರುವಾಯಿತು.

ಈಗ ಎಲ್ಲಾ ಕೆಲಸಕ್ಕೂ ಚೂರು ಚೂರು ಹೊತ್ತು. ಕೈಗಡಿಯಾರ ನೋಡಿಕೊಂಡು ಗಡ್ಡ ಹೆರೀತಿದ್ದವನು ಥಟ್ಟನೆ ಎದ್ದು ಕರಿಬೇವಿಗೆ ನೀರು ಹಾಕುವುದು, ಅರ್ಧ ಕೊಡಕ್ಕೆ ನಿಲ್ಲಿಸಿ ನನಗೆ ಲೆಕ್ಕ ಹೇಳಿಕೊಡುವುದು, ಉತ್ತರ ಬರೋ ಹೊತ್ತಿಗೆ ಪೇಪರು ಓದುವುದು. ಎಲ್ಲರಿಗೂ ಗಮನ ಸಿಗ್ತಿತ್ತು, ಅದಂತೂ ನಿಜ. ಒಂದು ಬೆಳಿಗ್ಗೆ ಎಡಗೆನ್ನೆಯ ಸರದಿ ಬರೋ ಮೊದಲೇ ಆಫೀಸಿನ ಸರದಿ ಬಂದುಬಿಟ್ಟಿತು. ಅರ್ಧ ಮುಖ ನುಣ್ಣಗೆ, ಅರ್ಧ ಕರ್ರಗೆ, ಹಾಗೇ ಸೈಕಲ್ ಹತ್ತಿ ಹೋದ!

ಬೆಲ್ಲದ ವ್ಯಾಪಾರಿ ಜಗುಲಿಯಿಂದ ಕೂಗಿದ: "ಯಾಕ್ಲಾ, ನಾಪಿತ ಅರ್ಧಕ್ಕೇ ಓಡೋದ್ನಾ?"

"ಮಧ್ಯಾಹ್ನ ಮಿಕ್ಕಿದ್ದು!" ಅಂತ ಚಿಕ್ಕಪ್ಪ ಗಂಟೆ ಹೊಡೆದುಕೊಂಡು ಹೋದ. ಆ ಆತ್ಮವಿಶ್ವಾಸ ನೋಡಬೇಕಿತ್ತು ನೀವು! ನನಗೆ ಅದರಲ್ಲಿ ಕಾಲುಭಾಗ ಇದ್ದಿದ್ದರೆ ಡೆಲ್ಲಿ ಆಳ್ತಿದ್ದೆ.

ಅಷ್ಟರಲ್ಲಿ ಮತ್ತೆ ಕೊಕ್ಕರೆಗಳು ಬರೋ ಕಾಲ ಬಂತು. ಬೆಳ್ಳೂರಿಗೂ ಒಂದು ಚೂರು ಹೊತ್ತು ಸಿಕ್ಕಿತು. ಚಿಕ್ಕಮ್ಮ ಹಲ್ಲಿಲ್ಲದ ಅವ್ವನಿಗೆ ಅಂತ ಮೆತ್ತಗೆ ಕಜ್ಜಾಯ ಮಾಡಿ ಡಬ್ಬಿಗೆ ತುಂಬಿಕೊಂಡಳು, ಒಳ್ಳೇ ಸೀರೆ ಉಟ್ಟಳು. ಮೂವರೂ ಬಸ್ಸು ಹತ್ತಿದೆವು. ಮದ್ದೂರಲ್ಲಿ ಇಳಿದೆವು. ಬೆಳ್ಳೂರಿನ ಬಸ್ಸು ಹೊರಟುಹೋಗಿತ್ತು, ಇನ್ನೊಂದು ಬರೋದು ಸಂಜೆಗೆ. ಚಿಕ್ಕಪ್ಪ ಗಡಿಯಾರ ನೋಡಿದ.

"ಇವತ್ತಿನ ಹೊತ್ತು ಇಲ್ಲಿಗೆ ಮುಗೀತು. ಮಂಡ್ಯದಿಂದ ಮದ್ದೂರು ಆಯ್ತಲ್ಲ, ಮದ್ದೂರಿಂದ ಬೆಳ್ಳೂರು ಮುಂದಿನ ಸರದಿಗೆ."

"ಮುಂದಿನ ಸರ್ತಿ ಮದ್ದೂರಿಂದ ಸುರು ಮಾಡ್ತೀರಾ, ಇಲ್ಲಾ ಮಂಡ್ಯದಿಂದ್ಲಾ?" ಅಂತ ಚಿಕ್ಕಮ್ಮ ಕೇಳಿದಳು.

ಚಿಕ್ಕಪ್ಪ ನಮ್ಮನ್ನ ಹೋಟ್ಲಿಗೆ ನಡೆಸಿದ. ವಡೆ ತಿನ್ನಿಸಿ ವಾಪಸ್ಸು ಕರಕೊಂಡು ಬಂದ. ದಾರಿಯುದ್ದಕ್ಕೂ ಚಿಕ್ಕಮ್ಮ ಡಬ್ಬಿಯನ್ನ ತೊಡೆ ಮೇಲಿಂದ ಇಳಿಸಲಿಲ್ಲ. ಆ ಕಜ್ಜಾಯ ನಾನೇ ತಿಂದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ?

ಕೊನೆಗೆ ಬೆಂಗಳೂರಿನ ಅಧಿಕಾರಿಗಳು ಬರೋ ದಿನ ಬಂತು. ಚಿಕ್ಕಪ್ಪ ಎರಡೂ ಕೆನ್ನೆ ಹೆರೆದುಕೊಂಡು, ಮದುವೆಯ ಕೋಟು ಹಾಕಿಕೊಂಡು ಹೋದ. ಅವನು ಆಚೆ ಹೋದ ಸ್ವಲ್ಪ ಹೊತ್ತಿಗೆ ಬೆಳ್ಳೂರಿನ ಒಬ್ಬ ರೈತ ಬಾಗಿಲಿಗೆ ಬಂದ. ಸಂತೆಗೆ ಬಂದವನು, ಹೇಳಿಹೋಗು ಅಂತ ಅವ್ವನ ಅಕ್ಕಪಕ್ಕದವರು ಅಂದಿದ್ದರಂತೆ. "ನಿಮ್ಮವ್ವ ಮಲಗ್ಬುಟ್ಟವ್ಳೆ ಕಣಮ್ಮ. ಗಂಜಿ ಬುಟ್ರೆ ಬೇರೇನೂ ಮುಟ್ಟಾಕಿಲ್ಲ. ಮಗಳು ಬಂದ್ಲಾ, ಮಗಳು ಬಂದ್ಲಾ ಅಂತ ಬಾಗಿಲ ಕಡೀಕೇ ನೋಡ್ತಾವ್ಳೆ."

ಚಿಕ್ಕಮ್ಮ ಕಂಬ ಹಿಡಕೊಂಡು ಕೂತುಬಿಟ್ಟಳು. "ಅವರಿಗೆ ಏಳ್ಬ್ಯಾಡ ಕಣವ್ವ. ಇವತ್ತು ಅವರ ದಿನ" ಅಂದಳು. ನಾನು ಕೇಳ್ತೀನಾ? ಪಕ್ಕದ ಮನೆ ಸೈಕಲ್ ಕಿತ್ತುಕೊಂಡು ಆಫೀಸಿಗೆ ತುಳಿದೆ.

ಚಿಕ್ಕಪ್ಪ ಕರಿಹಲಗೆ ಮುಂದೆ ಸೀಮೆಸುಣ್ಣ ಹಿಡಕೊಂಡು ನಿಂತಿದ್ದ. ಎದುರಿಗೆ ಟೈ ಕಟ್ಟಿದ ಅಧಿಕಾರಿಗಳು. "ಹೋಟ್ಲು ಸಿಸ್ಟಮ್ಮಿನ ಗುಣ ಏನಪ್ಪಾ ಅಂದರೆ" ಅಂತಿದ್ದವನು ಬಾಗಿಲಲ್ಲಿ ನನ್ನ ನೋಡಿದ. ವಿಷಯ ಹೇಳಿದೆ. ಹೇಳಿ, ಇವನು ಸರದಿ ಅಂತಾನೋ, ಚೂರು ಹೊತ್ತು ಅಂತಾನೋ ಅಂತ ಅವನ ಬಾಯನ್ನೇ ನೋಡ್ತಾ ನಿಂತೆ.

ಸೀಮೆಸುಣ್ಣ ಕೆಳಗಿಟ್ಟ.

"ಎಲ್ಲಿಗ್ರೀ?" ಅಂದರು ದೊಡ್ಡ ಅಧಿಕಾರಿ. "ಯಾವ ಸಿಸ್ಟಮ್ ಅಂತ ಒಂದೇ ಮಾತಲ್ಲಿ ಹೇಳಿ ಹೋಗ್ರೀ!"

"ಎರಡರಲ್ಲೂ ಒಂದೇ ದೋಷ ಸಾರ್" ಅಂದ ಚಿಕ್ಕಪ್ಪ, ಬಾಗಿಲು ದಾಟುತ್ತಾ. "ಮನೆಯವಳು ಕಣ್ಣೀರು ಹಾಕಿದ್ರೆ ಎಲ್ಲಾ ಬಿಟ್ಟು ಎದ್ದು ಹೋಗೋದು ಎರಡಕ್ಕೂ ನಾನು ಕಲಿಸಿರಲಿಲ್ಲ."

ಮದ್ದೂರಲ್ಲಿ ಬಸ್ಸಿಗೆ ಕಾಯಲಿಲ್ಲ. ಬಾಡಿಗೆ ಕಾರು ಮಾಡಿದ. ಚಿಕ್ಕಮ್ಮ ಬೇಡ ಬೇಡ ಅಂದರೂ ಹೋಟ್ಲಿನ ಮುಂದೆ ಒಂದು ನಿಮಿಷ ನಿಲ್ಲಿಸಿ, ಮಾಣಿ ಕೈಲಿ ವಡೆ ಕಟ್ಟಿಸಿಕೊಂಡು ಬಂದ. "ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದ. ಅದು ಅವನಿಗೆ ಹೇಗೆ ಗೊತ್ತಾಯಿತೋ ಕಾಣೆ.

ಬೆಳ್ಳೂರಲ್ಲಿ ಹುಣಸೆಮರಗಳ ತುಂಬ ಕೊಕ್ಕರೆ. ಕೆಳಗೆ ಜಗುಲಿಯಲ್ಲಿ ಅವ್ವನ ಮಂಚ. ಅವ್ವ ಮಗಳ ಮುಖವನ್ನ ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳಕೊಂಡಳು. "ಮಬ್ಬಾಗಿದ್ದೀಯ ಕಣವ್ವ. ಆದ್ರೂ ಕಾಣ್ತೀಯ" ಅಂದಳು. ನಾನು ಅಲ್ಲೇ ಗೋಡೆಗೆ ಮುಖ ಮಾಡಿಕೊಂಡು ಅತ್ತೆ.

ಚಿಕ್ಕಪ್ಪ ರಜಾ ಹಾಕಿದ. ಮರಿಗಳು ಹಾರೋವರೆಗೂ ಅವ್ವ ಇದ್ದಳು, ಅಲ್ಲಿವರೆಗೂ ಅವನೂ ಇದ್ದ. ಮಿಷನ್ನು, ತಂಪು ರೂಮು ಎಲ್ಲಾ ಬೇರೆ ಯಾವುದೋ ಊರಿಗೆ ಹೋದವಂತೆ. ಯಾರೋ ಬಂದು ಹೇಳಿದಾಗ ಅವನು ಅತ್ತೆಗೆ ಗಂಜಿ ಕುಡಿಸ್ತಿದ್ದ. ಹೂಂ ಅಂದ ಅಷ್ಟೆ, ಕೈಯಲ್ಲಿದ್ದ ಚಮಚ ನಿಲ್ಲಲಿಲ್ಲ.

ಒಂದು ಸಂಜೆ ಅವ್ವ ನಿದ್ದೆ ಹೋಗಿದ್ದಳು. ಚಿಕ್ಕಮ್ಮ ಮೆಲ್ಲಗೆ, "ನಿಮ್ಮ ಮಿಷನ್ನು ಓಯ್ತಲ್ರೀ" ಅಂದಳು.

ಚಿಕ್ಕಪ್ಪ ಮರದ ಕಡೆ ನೋಡಿದ. "ನೋಡಿಲ್ಲಿ. ಒಂದು ಗೂಡಲ್ಲಿ ಕೂತಿದೆ, ಒಂದು ಮೀನು ತರ್ತಿದೆ. ಇದನ್ನ ಪಂಕ್ತಿ ಅನ್ನೋದೋ, ಹೋಟ್ಲು ಅನ್ನೋದೋ! ಪಂಕ್ತಿ ಅಂದ್ಕೊಂಡ್ರೆ ಇದರ ಗುಣ ಏನಪ್ಪಾ ಅಂದ್ರೆ..."

"ಸುಮ್ಕಿರಿ. ಅವ್ವ ಎದ್ದಾಳು."

ಹಿಡಿದ ಮಾತನ್ನ ನಮ್ಮ ಚಿಕ್ಕಪ್ಪ ಅರ್ಧಕ್ಕೆ ಬಿಟ್ಟದ್ದು ನಾನು ಕಂಡದ್ದು ಎರಡೇ ಸಲ: ಒಂದು ಕರಿಹಲಗೆ ಮುಂದೆ, ಇನ್ನೊಂದು ಅವತ್ತು. ಅತ್ತೆ ಮನೆ ಜಗುಲಿ ಮೇಲೆ, ಬೀದಿಯಲ್ಲಿ ಜನ ಓಡಾಡ್ತಿರೋವಾಗಲೇ, ಚಿಕ್ಕಮ್ಮನ ಕೈ ಹಿಡಕೊಂಡ. ಅವಳೂ ಬಿಡಿಸಿಕೊಳ್ಳಲಿಲ್ಲ. ನಾನು ಕೊಕ್ಕರೆ ನೋಡ್ತಾ ಕೂತೆ.