ಏನೂ ಇಲ್ಲ ಅನ್ನುವ ಮನೆಯ ಮಗು

ಒಂದನೇ ಕ್ಲಾಸಿಗೆ ಪಾಠ ಹೇಳುವವರು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಾಲೆಯ ಬೀಗ ತೆಗೆದರೆ ಸಾಕು, ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ಬಸ್ಸಿನಲ್ಲಿ ದಿನಾ ಓಡಾಡುತ್ತಾ, ಆ ಕಡೆಯ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲ ಚಿಳ್ಳೆಪಿಳ್ಳೆಗಳ ಜೊತೆ ಕಳೆದವಳು ನಾನು. ಅಳುವ ಮಕ್ಕಳು, ಕಚ್ಚುವ ಮಕ್ಕಳು, ಬೆಂಚಿನ ಕೆಳಗೆ ತೂರಿ ನಿದ್ದೆ ಹೊಡೆಯುವ ಮಕ್ಕಳು, ಎಲ್ಲರನ್ನೂ ಕಂಡಿದ್ದೆ. ಆದರೆ ಆರು ವರ್ಷಕ್ಕೇ ಅರವತ್ತು ವರ್ಷದವರ ಹಾಗೆ ನಿಟ್ಟುಸಿರು ಬಿಡುವ ಮಗುವನ್ನು ಕಂಡಿರಲಿಲ್ಲ. ಅಂಥವಳೊಬ್ಬಳು ಹೋದ ವರ್ಷ ನನ್ನ ಕ್ಲಾಸಿಗೆ ಬಂದಳು. ಅವಳನ್ನು ಒಂದು ಸಲವಾದರೂ ಬಾಯಿ ತುಂಬ ನಗಿಸಲೇಬೇಕು ಅಂತ ನಾನು ಹಟ ಹಿಡಿದೆ. ಇಲ್ಲಿರುವುದೆಲ್ಲ ಆ ಹಟದ ಪಾಡು.

ಮೊದಲ ದಿನ

ಶಾಲೆ ಶುರುವಾದ ದಿನ ಒಂದನೇ ಕ್ಲಾಸು ಅಂದರೆ ಅಳುವಿನ ಸಂತೆ. ಒಬ್ಬ ಕಿಟಕಿ ಕಂಬಿ ಹಿಡಿದುಕೊಂಡು ಅಳುತ್ತಿದ್ದ, ಇನ್ನೊಬ್ಬ ಅವನನ್ನು ನೋಡಿ ಅಳುತ್ತಿದ್ದ. ಇವಳು ತಾತನ ಬೆರಳು ಹಿಡಿದುಕೊಂಡು ಬಂದಳು. ತಾತ ಹೆಡ್‌ಮೇಷ್ಟ್ರ ಕೋಣೆಗೆ ಹೋದ ಮೇಲೂ ಅಳಲಿಲ್ಲ. ಬಂದವಳೇ ಬೆಂಚಿನ ತುದಿಯಲ್ಲಿ ಕುಳಿತು ಗಲ್ಲಕ್ಕೆ ಕೈ ಕೊಟ್ಟಳು.

ಧೈರ್ಯದ ಹುಡುಗಿ ಅಂತ ಖುಷಿಯಾಗಿ ಹತ್ತಿರ ಹೋದೆ. "ಹೇಗಿದ್ದೀಯಾ ಪುಟ್ಟಿ?" ಅಂದೆ.

"ಏನೋ ಇದೀನಿ ಮಿಸ್. ಹಿಂಗೇ ದಿನ ತಳ್ಳೋದು," ಅಂದಳು.

ಪಕ್ಕದಲ್ಲಿ ಅಳುತ್ತಿದ್ದ ಹುಡುಗ ಅಳು ನಿಲ್ಲಿಸಿ ಅವಳನ್ನೇ ನೋಡಿದ. ನಾನೂ ಸುಧಾರಿಸಿಕೊಂಡು, "ಸ್ಕೂಲು ಇಷ್ಟ ಆಯ್ತಾ?" ಅಂದೆ. ಅವಳು ತಲೆಯೆತ್ತಿ ಹೆಂಚು, ತೊಲೆ, ಗೋಡೆ ಎಲ್ಲವನ್ನೂ ನೋಡಿದಳು. "ಐತೆ. ಎಷ್ಟ್ ದಿನ ಇರ್ತದೋ," ಅಂದಳು.

ಕೊನೆಗೆ ಎಲ್ಲ ಟೀಚರುಗಳೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ದೊಡ್ಡವಳಾದ ಮೇಲೆ ಏನಾಗ್ತೀಯಮ್ಮ?"

ಅವಳು ನನ್ನನ್ನು ಕರುಣೆಯಿಂದ ನೋಡಿ ಹೇಳಿದಳು, "ಮೊದ್ಲು ದೊಡ್ಡೋಳಾಗಾನ ತಡೀರಿ ಮಿಸ್."

ಅವರೆ ಕಾಳು

ಬೀಜ ಮೊಳೆಯುವುದನ್ನು ನೋಡಿದರೆ ಯಾವ ಮಗುವಿಗಾದರೂ ಸಂತೋಷವಾಗುತ್ತದೆ ಅಂತ ನನ್ನ ನಂಬಿಕೆ. ತೆಂಗಿನಕಾಯಿ ಚಿಪ್ಪಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಪ್ರತಿ ಮಗುವಿಗೂ ಒಂದೊಂದು ಚಿಪ್ಪು ಕೊಟ್ಟು ಮಣ್ಣು ತುಂಬಿಸಿ ಅವರೆ ಕಾಳು ಹಾಕಿಸಿದೆ. "ನನ್ನದು ನಾಳೆನೇ ಬರ್ತದೆ," ಅಂತ ಒಬ್ಬ. "ನನ್ನದು ಈ ರಾತ್ರಿನೇ," ಅಂತ ಇನ್ನೊಬ್ಬ.

"ನಿಂದು ಯಾವಾಗಮ್ಮ ಬರೋದು?" ಅಂತ ಇವಳನ್ನು ಕೇಳಿದೆ.

"ಬರಲ್ಲ ಮಿಸ್. ಬಂದ್ರೂ ನುಸಿ ಹೊಡೀತದೆ."

ದೇವರು ದೊಡ್ಡವನು. ಇಡೀ ಕ್ಲಾಸಿನಲ್ಲಿ ಮೊದಲು ಮೊಳೆತದ್ದು ಇವಳ ಕಾಳೇ. ನಾನು ಅವಳ ಕೈ ಹಿಡಿದು ಓಡೋಡಿ ಕರೆದುಕೊಂಡು ಹೋಗಿ ತೋರಿಸಿದೆ. ಹಸಿರು ಕುಡಿ ಮಣ್ಣನ್ನು ತಲೆ ಮೇಲೆ ಹೊತ್ತುಕೊಂಡು ಎದ್ದಿತ್ತು. ಅವಳು ಕುಕ್ಕುರುಗಾಲಲ್ಲಿ ಕೂತು, ಎಲೆಯ ಹಿಂದೆ ಮುಂದೆ ಪರೀಕ್ಷೆ ಮಾಡಿದಳು. ಕಣ್ಣಲ್ಲಿ ಒಂದು ಗಳಿಗೆ ಬೆಳಕು ಬಂದದ್ದನ್ನು ನಾನು ನೋಡಿದೆ, ಸುಳ್ಳಲ್ಲ. ಅಷ್ಟರಲ್ಲಿ ಅವಳ ಪಕ್ಕದ ಹುಡುಗ ಬಂದು, "ನಿಂದು ಎಷ್ಟ್ ಚೆನ್ನಾಗ್ ಬಂದೈತೆ ಕಣೇ," ಅಂದ.

ಇವಳು ತಕ್ಷಣ ಚಿಪ್ಪನ್ನು ಲಂಗದ ಕೆಳಗೆ ಮುಚ್ಚಿಕೊಂಡು, "ಏನ್ ಬಂದೈತೆ, ಈ ಸಲ ಏನೂ ಇಲ್ಲ," ಅಂದಳು.

ನಗೆ ವ್ಯಾಯಾಮ

ನನ್ನ ಕಷ್ಟವನ್ನು ಹೆಡ್‌ಮೇಷ್ಟ್ರ ಹತ್ತಿರ ತೋಡಿಕೊಂಡೆ. ಅವರು ಆಗತಾನೇ ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ತರಬೇತಿಗೆ ಹೋಗಿ ಬಂದವರಿಗೆ ಹತ್ತು ದಿನ ಎಲ್ಲದಕ್ಕೂ ಪರಿಹಾರ ಗೊತ್ತಿರುತ್ತದೆ. "ಮೇಡಂ, ನಗು ಬಂದರೇ ನಗಬೇಕು ಅಂತೇನಿಲ್ಲ. ನಕ್ಕರೆ ತಾನಾಗಿ ನಗು ಬರುತ್ತೆ. ವಿಜ್ಞಾನ ಇದು," ಅಂದರು.

ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾವೇ ಮುಂದೆ ನಿಂತು, ಎರಡೂ ಕೈ ಮೇಲೆತ್ತಿ, ಹೊಟ್ಟೆ ಕುಲುಕಿಸಿ ಹೊಹ್ಹೊಹ್ಹೋ ಹಹ್ಹಹ್ಹಾ ಅಂತ ಶುರು ಮಾಡಿದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ದಾರಿಯಲ್ಲಿ ಹೋಗುತ್ತಿದ್ದ ಕುರಿಯವನೂ ನಿಂತು ನಕ್ಕ. ಇವಳು ಮಾತ್ರ ಕೈ ಕಟ್ಟಿಕೊಂಡು ಅವರನ್ನೇ ನೋಡುತ್ತಿದ್ದಳು. ಸಾಲು ಬಿಟ್ಟು ನಿಧಾನವಾಗಿ ಅಡುಗೆ ಕೋಣೆಗೆ ಹೋದಳು, ಅಡುಗೆಯಮ್ಮನ ಹತ್ತಿರ ಏನೋ ಕೇಳಿದಳು, ಮುಷ್ಟಿ ಮುಚ್ಚಿಕೊಂಡು ಬಂದು ಹೆಡ್‌ಮೇಷ್ಟ್ರ ಮುಂದೆ ನಿಂತಳು.

"ಜೀರಿಗೆ ಅಗೀರಿ ಸಾ," ಅಂದಳು. "ಹೊಟ್ಟೆನೋವು ನಿಲ್ತದೆ."

ಅಂಟಿಕೊಂಡ ಮಾತು

ನಾನು ಅವಳಿಗೆ ನಗುವುದನ್ನು ಕಲಿಸುವಷ್ಟರಲ್ಲಿ ಅವಳು ಇಡೀ ಕ್ಲಾಸಿಗೆ ನಿಟ್ಟುಸಿರು ಕಲಿಸಿಬಿಟ್ಟಿದ್ದಳು. ಇದು ನನಗೆ ಗೊತ್ತಾದದ್ದು ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದಾಗ. ಒಳ್ಳೆಯವರು, ನಗುಮುಖದವರು. ಬಾಗಿಲಲ್ಲೇ ನಿಂತು, "ಏನ್ ಮಕ್ಕಳೇ, ಎಲ್ಲಾ ಹೇಗಿದ್ದೀರಾ?" ಅಂದರು.

ಇಡೀ ಕ್ಲಾಸು ಒಂದೇ ರಾಗದಲ್ಲಿ, "ಏನೋ ಹಿಂಗೇ ದಿನ ತಳ್ತಾ ಇದೀವಿ ಸಾ," ಅಂದಿತು.

ಸಾಹೇಬರ ನಗು ಅರ್ಧಕ್ಕೆ ನಿಂತಿತು. "ಓದು ಬರಹ ಹೇಗಿದೆ?" ಅಂದರು. ಮುಂದಿನ ಸಾಲಿನ ಹುಡುಗ ಎದ್ದು, "ಈ ಸಲ ಏನೂ ಇಲ್ಲ ಸಾ. ಎಲ್ಲಾ ನುಸಿ ಹೊಡ್ದೋಯ್ತು," ಅಂದ. ಪಾಪ, ಅವನಿಗೆ ಅ ಆ ಇ ಈ ಎಲ್ಲವೂ ಚೆನ್ನಾಗಿ ಬರುತ್ತಿತ್ತು.

ನಾನು ಕಪ್ಪು ಹಲಗೆಗೆ ಮುಖ ಮಾಡಿ ನಿಂತೆ. ಸಾಹೇಬರು ಹೊರಡುವಾಗ ನನ್ನನ್ನು ಹುಣಸೆ ಮರದ ಕೆಳಗೆ ಕರೆದು, ಬಹಳ ಮೆತ್ತಗೆ ಕೇಳಿದರು, "ಮೇಡಂ, ನಿಮ್ಮ ಮನೇಲಿ ಎಲ್ಲಾ ಕ್ಷೇಮ ತಾನೇ? ಬೇಕಾದರೆ ನಾಲ್ಕು ದಿನ ರಜಾ ಹಾಕಿ."

ಚೀಲದೊಳಗಿನ ಬಾಳೆಹಣ್ಣು

ಇಷ್ಟರವರೆಗೂ ನನಗೆ ಅದೊಂದು ತಮಾಷೆ. ತಮಾಷೆ ಅಲ್ಲ ಅಂತ ಗೊತ್ತಾಗಿದ್ದು ಇರುವೆಗಳಿಂದ. ಒಂದು ದಿನ ಅವಳ ಚೀಲದ ಸುತ್ತ ಇರುವೆ ಸಾಲು. ತೆಗೆದು ನೋಡಿದರೆ ಪುಸ್ತಕಗಳ ನಡುವೆ ಅಪ್ಪಚ್ಚಿಯಾದ ಬಾಳೆಹಣ್ಣು. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತೇವೆ. ಇವಳು ಅದನ್ನು ತಿನ್ನದೆ ಮನೆಗೆ ಒಯ್ಯುತ್ತಿದ್ದಳು.

"ಯಾಕಮ್ಮ ತಿನ್ನಲಿಲ್ಲ?"

"ತಾತಂಗೆ. ನಮ್ ಮನೇಲಿ ಏನೂ ಇಲ್ವಲ್ಲ ಮಿಸ್."

ಮಗು ಹಸಿವನ್ನು ಹೊತ್ತುಕೊಂಡು ಬರುತ್ತಿದೆ, ನಾನು ಅದಕ್ಕೆ ಅವರೆ ಕಾಳು ತೋರಿಸಿ ನಗು ಅನ್ನುತ್ತಿದ್ದೇನೆ. ಅಡುಗೆಯಮ್ಮನಿಗೆ ಹೇಳಿದೆ. ಆಕೆ ಪಕ್ಕದ ಊರಿನವಳು, ಅವಳಿಗೂ ಆ ಮನೆಯ ವಿಷಯ ಗೊತ್ತಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಂಜೆ ಇಬ್ಬರೂ ರಾಗಿ ಹಿಟ್ಟು, ಬೆಲ್ಲ, ಬೇಳೆ ಎಲ್ಲ ಚೀಲಕ್ಕೆ ಹಾಕಿಕೊಂಡು ಮಗುವಿನ ಹಿಂದೆ ಹೊರಟೆವು.

ತೋಟದ ನಡುವೆ ಅವರ ಮನೆ. ಅಂಗಳದಲ್ಲಿ ಕಾಯಿ ಸುಲಿದ ಮಟ್ಟೆಯ ಆಳೆತ್ತರದ ರಾಶಿ. ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಮೂಲೆಯಲ್ಲಿ ಹೊಸ ಟ್ರ್ಯಾಕ್ಟರು, ಅದಕ್ಕೆ ಹೂವಿನ ಹಾರ. ನಮ್ಮ ಹಿಟ್ಟಿನ ಚೀಲವನ್ನು ಅಡುಗೆಯಮ್ಮ ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

ಜಗಲಿಯ ಮೇಲೆ ಕುಳಿತಿದ್ದ ತಾತ ಎದ್ದು ನಿಂತು ಬರಮಾಡಿಕೊಂಡರು. ಏನು ಮಾತಾಡುವುದೋ ತಿಳಿಯದೆ, "ಹೇಗಿದೆ ಯಜಮಾನ್ರೇ ತೋಟ?" ಅಂದೆ.

"ಏನೈತೆ ಮೇಡಂ, ಈ ಸಲ ಏನೂ ಇಲ್ಲ. ಎಲ್ಲಾ ನುಸಿ ಹೊಡ್ದೋಯ್ತು. ಏನೋ ಹಿಂಗೇ ದಿನ ತಳ್ಳೋದು," ಅಂದರು.

ಅಷ್ಟು ಹೊತ್ತಿಗೆ ಒಳಗಿನಿಂದ ಆಳು ಕೂಗಿದ, "ಗೌಡ್ರೇ, ಅಟ್ಟ ತುಂಬೋಯ್ತು. ಕಂಬ ಊರೆ ಕೊಟ್ಟಿದ್ರೂ ತೊಲೆ ಬಗ್ತಾ ಐತೆ. ಮಿಕ್ಕಿದ್ ಕಾಯಿ ಎಲ್ ಸುರೀಲಿ?"

ತಾತನಿಗೆ ಹೇಳಿದ್ದು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನಮ್ಮ ತೆಂಗಿನ ಸೀಮೆಗೆ ಹೊಂದುವುದಿಲ್ಲ. ಇಲ್ಲಿ ಅಟ್ಟ ಮುರಿಯುವಷ್ಟು ಕಾಯಿ ಇದ್ದರೂ ಬಾಯಲ್ಲಿ ಬರುವುದು ಏನೂ ಇಲ್ಲ ಅಂತಲೇ. ಚೆನ್ನಾಗಿದೆ ಅಂದರೆ ಕಣ್ಣು ಬೀಳುತ್ತದೆ. ನಾನು ಚಿಕ್ಕನಾಯಕನಹಳ್ಳಿಯವಳು, ನಮ್ಮಪ್ಪನೂ ಸಾಯುವವರೆಗೆ ತೋಟ ಹೋಯ್ತು ಅನ್ನುತ್ತಲೇ ಇದ್ದರು. ಕೇಳಿ ಕೇಳಿ ಆ ಮಾತು ನಮ್ಮ ಕಿವಿಗೇ ಬೀಳುವುದಿಲ್ಲ. ಆದರೆ ಈ ಮಗುವಿನ ಅಪ್ಪ ಅಮ್ಮ ಬೆಳಗಾದರೆ ತೋಟಕ್ಕೆ ಹೋಗುವವರು. ಅದು ಹುಟ್ಟಿದಾಗಿನಿಂದ ಜಗಲಿಯ ಮೇಲೆ ತಾತನ ಮಗ್ಗುಲಲ್ಲಿ ಕೂತು, ಹೋಗುವವರು ಬರುವವರಿಗೆಲ್ಲ ತಾತ ಹೇಳುವುದನ್ನು ಕೇಳಿಸಿಕೊಂಡಿತ್ತು. ದೊಡ್ಡವರು ಮಾತಿಗೆ ಅಂದಿದ್ದನ್ನು ಅದು ನಂಬಿಬಿಟ್ಟಿತ್ತು.

ತಾತನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಮೊದಲು ನಕ್ಕರು. "ಅದು ಮಾತಿಗೆ ಅನ್ನೋದು ಕಣ್ರೀ ಮೇಡಂ. ನರರ ಕಣ್ಣಿಗೆ ಮರ ಸಿಡೀತು ಅಂತಾರೆ," ಅಂದರು. ಬಾಳೆಹಣ್ಣಿನ ವಿಷಯ ಹೇಳಿದಾಗ ನಗು ನಿಂತಿತು.

"ದಿನಾ ತಂದ್ ಕೊಡ್ತಿತ್ತು. ಅದಕ್ಕೆ ಬಾಳೆಹಣ್ಣು ಸೇರಲ್ವೇನೋ ಅಂತ ನಾನೇ ತಿಂತಿದ್ದೆ," ಅಂದರು. ಟವೆಲಿನಿಂದ ಮುಖ ಒರೆಸಿಕೊಂಡು ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡರು, ಏಣಿ ಹತ್ತಿ ಅಟ್ಟಕ್ಕೆ ಕರೆದುಕೊಂಡು ಹೋದರು. ಕೆಳಗೆ ನಿಂತ ನಮಗೆ ಬರೀ ಮಾತು ಕೇಳಿಸುತ್ತಿತ್ತು. ಒಣಗಿದ ಕಾಯಿ ಅಲ್ಲಾಡಿಸಿ ಅವಳ ಕಿವಿಗೆ ಹಿಡಿದಿರಬೇಕು, ಒಳಗಿನ ಕೊಬ್ಬರಿ ಗಿಟಕು ಲೊಡಲೊಡ ಅಂದಿತು.

"ಇದು ಯಾರ್ದು ತಾತ?"

"ನಮ್ದೇ ಕಣವ್ವ."

"ಅದು?"

"ಅದೂ ನಮ್ದೇ."

"ಆ ಮೂಲೇದು?"

"ಎಲ್ಲಾ ನಮ್ದೇ," ಅಂದ ತಾತ, ಅಷ್ಟು ಮೇಲೆ ಕತ್ತಲಲ್ಲೂ ದನಿ ತಗ್ಗಿಸಿ ಸೇರಿಸಿದರು, "ಮೆಲ್ಲಗ್ ಮಾತಾಡು, ಹಲ್ಲಿ ಕೇಳಿಸ್ಕಂಡಾತು."

ಮೊಮ್ಮಗಳ ಎದುರಿಗೆ ಇನ್ನು ಮೇಲೆ ಹಾಗನ್ನುವುದಿಲ್ಲ ಅಂತ ಮಾತು ಕೊಟ್ಟರು. ಮಾರನೆಯ ದಿನವೇ ಪರೀಕ್ಷೆ ಬಂತು. ದಾರಿಹೋಕರೊಬ್ಬರು ಜಗಲಿಯ ಕಡೆ ತಿರುಗಿ, "ಹೆಂಗೈತೆ ಗೌಡ್ರೇ ತೋಟ?" ಅಂದರಂತೆ. ತಾತ "ಏನೂ" ಅಂತ ಬಾಯಿ ತೆಗೆದವರು ಮಗ್ಗುಲಲ್ಲಿದ್ದ ಮೊಮ್ಮಗಳನ್ನು ನೋಡಿ, ಉಗುಳು ನುಂಗಿ, "ಚೆನ್ನಾಗೈತೆ" ಅಂದುಬಿಟ್ಟರಂತೆ. ಸಂಜೆಯೊಳಗೆ ಊರಿನ ಅರ್ಧ ಜನ ಎಳನೀರು, ಕಿತ್ತಲೆಹಣ್ಣು ಹಿಡಿದುಕೊಂಡು ಅವರ ಆರೋಗ್ಯ ವಿಚಾರಿಸಲು ಬಂದಿದ್ದರು.

ಸಾರಿಗೆ ಕಾಯಿ

ಹುಡುಗಿ ಬದಲಾದಳು. ಬಾಳೆಹಣ್ಣು ಶಾಲೆಯಲ್ಲೇ ತಿಂದಳು. ಕುಂಟಾಬಿಲ್ಲೆ ಆಡಿದಳು. ಅಟ್ಟ ಹತ್ತಿ ಬಂದಾಗಿನಿಂದ ಅವಳಿಗೊಂದು ಹೊಸ ಹುಚ್ಚು. ಸಂಜೆ ಗೆಳತಿಯರನ್ನು ಕಟ್ಟಿಕೊಂಡು ಊರ ಮನೆಮನೆಗೆ ಹೋಗಿ, ಕತ್ತು ಎತ್ತಿ ಅಟ್ಟ ನೋಡಿಕೊಂಡು ಬರುವುದು. ಮಕ್ಕಳಾಟ ಅಂತ ಯಾರೂ ತಡೆಯಲಿಲ್ಲ. ಆದರೂ ಬಾಯಿ ತುಂಬ ನಗು ಮಾತ್ರ ನಾನಿನ್ನೂ ನೋಡಿರಲಿಲ್ಲ. ನಗು ಬಂದರೂ ಕೈ ಅಡ್ಡ ಹಿಡಿದು, ಯಾರಾದರೂ ಕಿತ್ತುಕೊಂಡಾರು ಅನ್ನುವಂತೆ ನುಂಗಿಕೊಳ್ಳುತ್ತಿದ್ದಳು.

ಆಗ ಪೋಷಕರ ಸಭೆ ಬಂತು. ಹೆಡ್‌ಮೇಷ್ಟ್ರು ಎದ್ದು ನಿಂತು, "ಸುತ್ತಮುತ್ತ ಎಲ್ಲಿ ನೋಡಿದರೂ ತೆಂಗು. ನಮ್ಮ ಮಕ್ಕಳ ಸಾರಿಗೆ ಮಾತ್ರ ಒಂದು ಚೂರು ಕಾಯಿ ಇಲ್ಲ. ಮನೆಗೆ ಇಷ್ಟು ಅಂತ ಕಾಯಿ ಕೊಟ್ಟರೆ ಉಪಕಾರ," ಅಂದರು.

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೈಟಿಯಲ್ಲಿ ಕೆಲಸ ಮಾಡುವವರೊಬ್ಬರು, "ಕೊಡಾನ ಅಂದ್ರೆ ಈ ಸಲ ಏನೈತೆ ಸಾ," ಅಂದರು. ಇನ್ನೊಬ್ಬ ಹಿರಿಯರು, "ತೆಂಗಿಗೆ ಬಿಳಿನೊಣ ಬಂದು ಪೂರ್ತಿ ಹೋಯ್ತು," ಅಂದರು. ಮತ್ತೊಬ್ಬರು ತಲೆ ಮೇಲೆ ಕೈ ಹೊತ್ತರು. ಎಲ್ಲರ ಬಾಯಿಗೂ ಅಭ್ಯಾಸವಾದ ಮಾತು. ಸರದಿ ತಾತನ ಹತ್ತಿರ ಬಂತು. ಸಭೆ ಅಂದ ಕೂಡಲೇ ಅವರಿಗೂ ಕೊಟ್ಟ ಮಾತು ಮರೆತುಹೋಗಿತ್ತು. "ಏನೋ ಹಿಂಗೇ," ಅಂತ ಶುರು ಮಾಡಿದರು.

ಮಕ್ಕಳ ಸಾಲಿನಲ್ಲಿ ಇವಳು ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪಾಪ, ಇವರಿಗೆಲ್ಲ ಗೊತ್ತೇ ಇಲ್ಲ ಅನ್ನುವ ಕನಿಕರ ಇತ್ತು.

"ಹೆದ್ರುಕೋಬ್ಯಾಡಿ," ಅಂದಳು. "ಐತೆ. ನಾನ್ ನೋಡಿವ್ನಿ. ನಮ್ ಅಟ್ಟ ತುಂಬೈತೆ. ಸೊಸೈಟಿ ಮಾಮನ ಅಟ್ಟಾನೂ ತುಂಬೈತೆ. ಬಿಳಿನೊಣದ್ ತಾತಂದು ಅಟ್ಟ ಸಾಲ್ದೆ ಮಂಚದ್ ಕೆಳ್ಗೂ ಹಾಕವ್ರೆ. ಯಾರೂ ಅಳ್ಬ್ಯಾಡಿ, ಎಲ್ಲಾರ್ಗೂ ಐತೆ."

ಮಂಚದ ಕೆಳಗಿನ ಯಜಮಾನರೇ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಅಷ್ಟು ಜನ ದೊಡ್ಡವರು ಒಟ್ಟಿಗೆ ನಗುವುದನ್ನು ಆ ಮಗು ಎಂದೂ ನೋಡಿರಲಿಲ್ಲ ಅಂತ ಕಾಣುತ್ತದೆ. ಕಣ್ಣು ಅಗಲ ಮಾಡಿ ನೋಡಿದಳು. ಕೈ ಬಾಯಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಮುಂದಿನ ಹಲ್ಲು ಬಿದ್ದ ಬಾಯನ್ನು ಪೂರ್ತಿ ತೆರೆದು ನಕ್ಕಳು, ನಕ್ಕು ನಕ್ಕು ನೆಲದ ಮೇಲೆಯೇ ಕೂತಳು. ನನಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಸಾರಿಗೆ ಕಾಯಿ ಕಡಿಮೆಯಾಗಲಿಲ್ಲ.

ಸಭೆ ಮುಗಿದು ತಾತ ಮೊಮ್ಮಗಳನ್ನು ಎತ್ತಿಕೊಂಡು ಹೊರಟಾಗ ನಾನು ಗೇಟಿನ ತನಕ ಹೋದೆ. ಅವಳು ಅವರ ಹೆಗಲ ಮೇಲೆ ಇನ್ನೂ ನಗುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ನಿಮ್ಮ ಮೊಮ್ಮಗಳು ಎಷ್ಟು ಚೆನ್ನಾಗಿ ನಗ್ತಾಳೆ ನೋಡಿ," ಅಂದೆ.

ತಾತ ಗಾಬರಿಯಿಂದ ಸುತ್ತ ನೋಡಿದರು. ಅವಳ ಮುಖಕ್ಕೆ ಟವೆಲು ಮರೆ ಮಾಡಿದರು. "ಎಲ್ ಬಂತು ಬುಡಿ ಮೇಡಂ," ಅಂದರು. "ಏನೋ ಯಾವಾಗ್ಲೋ ಒಂದ್ಸಲ. ಅಂಥಾದ್ದೇನೂ ಇಲ್ಲ."

ಟವೆಲಿನ ಒಳಗಿನಿಂದ ಕಿಲಕಿಲ ಕೇಳಿಸುತ್ತಲೇ ಇತ್ತು. ನಾನೂ ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದೆ, "ಹೌದೌದು, ನಮ್ಮ ಕ್ಲಾಸಲ್ಲೂ ಅಷ್ಟೇ. ಏನೂ ನಗಲ್ಲ."